ಹದಿನೇಳನೆಯ ಬಿಲ್ಲೆ

ಮಾರ್ಚ್ ೪

ಅಕ್ಕನಿಗೆ,

ಇವತ್ತು ನಿನ್ನ ಟೆರೇಸಿನಲ್ಲಿ ಹಳದಿ ಹೊದಿಕೆ ಒಣಹಾಕಿದ್ದೀಯ. ನಮ್ಮ ಪ್ರೆಸ್ಸಿನ ಮೂರನೇ ಮಹಡಿಯ ಕಿಟಕಿಯಿಂದ, ನದಿಯಾಚೆ, ಚೆನ್ನಾಗಿ ಕಾಣುತ್ತದೆ. ಬಟ್ಟೆ ಕಾಣಲು ತಲೆ ಎತ್ತಿದರೆ ಸಾಕು. ಕಾಗದ ಮಾತ್ರ ಮೂರನೇ ದೇಶ ಸುತ್ತಿಕೊಂಡು ಹತ್ತೊಂಬತ್ತು ದಿನಕ್ಕೆ ಬರುತ್ತದೆ. ಫೋನು ಮಾಡಬಾರದೇ ಎನ್ನಬೇಡ. ಹೋದ ಸಲ ನಾವಿಬ್ಬರು ಮಾತಾಡುವಾಗ ನಡುವೆ ಯಾರೋ ಕೆಮ್ಮಿದರಲ್ಲ, ನೆನಪಿದೆಯೇ? ಕಾಗದ ಒಡೆದು ಓದುವವರು ಸದ್ದನ್ನಾದರೂ ಮಾಡುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಎರಡೂ ಸರ್ಕಾರದವರು ಸೇರಿ ಬರೆಸುತ್ತಿರುವ ಏಳನೇ ತರಗತಿಯ ಚರಿತ್ರೆ ಪಾಠದ ಕರಡು ನನ್ನ ಮೇಜಿಗೆ ಬಂದಿದೆ. ಅಕ್ಟೋಬರಿನಲ್ಲಿ ಹೊಸ ಸೇತುವೆ ತೆರೆಯುತ್ತಾರಂತೆ. ಅಷ್ಟರೊಳಗೆ ಎರಡೂ ದಡದ ಮಕ್ಕಳು ಹಳೆಯ ಸೇತುವೆಯ ಬಗ್ಗೆ ಒಂದೇ ಪಾಠ ಓದಬೇಕಂತೆ. ನಾನು ಕರಡು ತಿದ್ದುವವನು, ಅಲ್ಪವಿರಾಮ ಪೂರ್ಣವಿರಾಮ ನೋಡಿ ಕೈ ತೊಳೆದುಕೊಳ್ಳಬೇಕಾದವನು. ಆದರೆ ಅರವತ್ನಾಲ್ಕನೇ ಪುಟ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ಹೀಗಿದೆ: ‘ದೇಶ ಎರಡಾದ ದಿನ, ಒಪ್ಪಂದದಂತೆ, ಸಂಜೆ ಆರಕ್ಕೆ ಸೇತುವೆಯನ್ನು ಎತ್ತಿ ಬೀಗ ಹಾಕಬೇಕಿತ್ತು. ಎತ್ತಿದ್ದು ಆರು ನಲವತ್ತಕ್ಕೆ. ಕಾರಣ:’ ಅಷ್ಟೇ. ಕಾರಣದ ಮುಂದೆ ಖಾಲಿ ಜಾಗ. ಸಮಿತಿಯವರು ಆಮೇಲೆ ತುಂಬಿಸುತ್ತಾರಂತೆ.

ಆ ಸಮಿತಿಯಲ್ಲಿ ನೀನೂ ಇದ್ದೀಯ ಎಂದು ಕೊನೆಯ ಪುಟದ ಪಟ್ಟಿ ನೋಡಿ ಗೊತ್ತಾಯಿತು. ಸೇತುವೆ ಕಾಯುತ್ತಿದ್ದವರು ನಿನಗೂ ನನಗೂ ತಾಯಿಯ ತಂದೆ ಎಂಬುದು ಸಮಿತಿಗೆ ಗೊತ್ತಿದ್ದರೂ ನಮ್ಮ ಪ್ರೆಸ್ಸಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಜ್ಜ ಏನಾದರೂ ಬರೆದಿಟ್ಟಿದ್ದರೇ? ಒಂದು ಚೀಟಿ, ಒಂದು ಪುಸ್ತಕ? ಇದ್ದರೆ ತಿಳಿಸು.

ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಮ್ಮ


ಮಾರ್ಚ್ ೨೭

ತಮ್ಮನಿಗೆ,

ನನ್ನ ಬಟ್ಟೆ ಎಣಿಸುವುದು ಬಿಟ್ಟು ಕರಡು ತಿದ್ದು ಮಾರಾಯ. ಹೋದ ವರ್ಷ ನಿಮ್ಮ ಪ್ರೆಸ್ಸಿನ ಭೂಪಟದಲ್ಲಿ ನಮ್ಮ ದೇಶ ಅರ್ಧ ಇಂಚು ಕುಗ್ಗಿತ್ತು. ಇಲ್ಲಿ ಎಷ್ಟು ಗಲಾಟೆಯಾಯಿತು ಗೊತ್ತೇ?

ಕಾರಣ ಕೇಳಿದ್ದೀಯ. ನಮ್ಮ ದಡದಲ್ಲಿ ಎರಡನೇ ತರಗತಿ ಮಗುವನ್ನು ಕೇಳಿದರೂ ಹೇಳುತ್ತದೆ. ನಮ್ಮ ಜನ ಇನ್ನೂ ಆಚೆ ಸಿಕ್ಕಿಕೊಂಡಿದ್ದರು. ಸಿಪಾಯಿ ಬಂದೂಕು ತೋರಿಸಿದರೂ ಅಜ್ಜ ಸೇತುವೆ ಎತ್ತುವ ರಾಟೆಗೆ ಕೈ ಹಾಕಲಿಲ್ಲ. ಆ ನಲವತ್ತು ನಿಮಿಷದಲ್ಲಿ ಆರುನೂರು ಜನ ಈಚೆ ಬಂದರು. ಇಲ್ಲಿ ಅವರನ್ನು ‘ನಲವತ್ತು ನಿಮಿಷದ ವೀರ’ ಎನ್ನುತ್ತಾರೆ. ನದಿ ರಸ್ತೆಯ ತಿರುವಿನಲ್ಲಿ ಪ್ರತಿಮೆಯಿದೆ: ಬಲಗೈ ಮುಂದೆ ಚಾಚಿ ಜನರನ್ನು ಬನ್ನಿ ಬನ್ನಿ ಎಂದು ಕರೆಯುತ್ತಿರುವಂತೆ. ಆ ಕೈ ಮೇಲೆ ಪಾರಿವಾಳಗಳದ್ದೇ ಸಂಸಾರ.

ನಿಮ್ಮ ಪುಸ್ತಕದಲ್ಲಿ ಬೇರೆ ಕಥೆ ಇದೆಯೆಂದು ಗೊತ್ತು. ಅದಕ್ಕೇ ತಾನೇ ಸಮಿತಿ? ಮೂರು ಸಭೆಯಾಯಿತು. ಎರಡು ಕಡೆಯವರೂ ಒಬ್ಬರಿಗೊಬ್ಬರು ನೀರಿನ ಬಾಟಲಿ ದಾಟಿಸುವುದರಲ್ಲಿ ಮಾತ್ರ ಒಮ್ಮತ.

ಅಜ್ಜ ಬರೆದಿಟ್ಟದ್ದು ಏನೂ ಉಳಿದಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಬಾಯಿ ಬಿಟ್ಟು ಏನೂ ಕೇಳುವವರಲ್ಲ. ನಮ್ಮಮ್ಮ ಇರುವವರೆಗೆ ಅಕ್ಕತಂಗಿ ಬರೆದುಕೊಂಡದ್ದೆಲ್ಲ ಮಂಡಿನೋವು ಮತ್ತು ಹವೆಯ ಬಗ್ಗೆ. ಒಂದು ಸಲವಾದರೂ ಅಪ್ಪನ ಮಾತೆತ್ತಿದ್ದು ಕಾಣೆ.

ಅಕ್ಕ


ಏಪ್ರಿಲ್ ೨೧

ಅಕ್ಕನಿಗೆ,

ನಮ್ಮ ಪುಸ್ತಕದ ಕಥೆ ಗೊತ್ತೆಂದೆ. ಗೊತ್ತಿರುವುದು ಬೇರೆ, ಅದನ್ನು ಕಂಠಪಾಠ ಮಾಡುವುದು ಬೇರೆ.

ಇಲ್ಲಿ ಅವರ ಹೆಸರು ‘ಪೆಟ್ಟಿಗೆ ಕಳ್ಳ’. ನಮ್ಮ ದಡದ ಜಮೀನಿನ ದಾಖಲೆಗಳಿದ್ದ ನೂರಾಹತ್ತು ಪೆಟ್ಟಿಗೆಗಳು ಗಾಡಿಯಲ್ಲಿ ನಿಮ್ಮ ದಡಕ್ಕೆ ಹೋದದ್ದು ಆ ನಲವತ್ತು ನಿಮಿಷದಲ್ಲಿ. ಸೇತುವೆಯವನು ಬೇಕೆಂದೇ ಕಾದ, ಪೆಟ್ಟಿಗೆ ಸಾಗಿಸಿದ ಮೇಲೆ ಎತ್ತಿದ. ಇಲ್ಲಿ ಬೇಲಿ ಜಗಳವಾದಾಗಲೆಲ್ಲ ಅವರಿಗೆ ಒಂದು ಬೈಗುಳ ಸಲ್ಲುತ್ತದೆ, ಯಾಕೆಂದರೆ ಯಾರ ಗಡಿ ಎಲ್ಲಿ ಎಂದು ತೋರಿಸುವ ಕಾಗದ ನಿಮ್ಮ ಕಡೆ ಯಾವುದೋ ಉಗ್ರಾಣದಲ್ಲಿದೆ.

ಅಮ್ಮ ಐದನೇ ತರಗತಿಯಲ್ಲಿ ಆ ಪಾಠವನ್ನು ಎದ್ದು ನಿಂತು ಒಪ್ಪಿಸಿದ್ದಳಂತೆ. ಒಂದೂ ತಪ್ಪಿಲ್ಲದೆ. ಮೇಷ್ಟ್ರು ‘ಭೇಷ್’ ಅಂದು ಒಂದು ಪೆನ್ಸಿಲ್ ಕೊಟ್ಟರಂತೆ. ಇದನ್ನು ನನಗೆ ಹೇಳಿದ್ದು ಹೋದ ವರ್ಷ, ಅದೂ ಬಟಾಣಿ ಸುಲಿಯುತ್ತ. ‘ಅವರ ಮಗಳು ಅಂತ ನಮ್ಮತ್ತೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ ಕಣೋ. ಗೊತ್ತಾಗಿದ್ರೆ ಪೆನ್ಸಿಲ್ ಸಿಗ್ತಿತ್ತಾ?’ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಒಂದು ಕೆಲಸ ಮಾಡು. ಸೇತುವೆಯ ಬಿಲ್ಲೆಗಳ ಹಲಗೆ ನಿಮ್ಮೂರಿನ ವಸ್ತುಸಂಗ್ರಹಾಲಯದಲ್ಲಿದೆಯಂತೆ. ಬಿಲ್ಲೆಯ ವಿಷಯ ನಿನಗೆ ಗೊತ್ತಲ್ಲ? ನಡೆದು ದಾಟುವವರಿಗೆ ಈ ತುದಿಯಲ್ಲಿ ಒಂದು ತಗಡಿನ ಬಿಲ್ಲೆ ಕೊಡುವುದು, ಆ ತುದಿಯಲ್ಲಿ ಇಳಿದು ಪೆಟ್ಟಿಗೆಗೆ ಹಾಕುವುದು. ಒಟ್ಟು ನಲವತ್ತು. ನಲವತ್ತೂ ಕೈಗೆ ಬಂದರೆ ಸೇತುವೆ ಮೇಲೆ ಒಂದು ನರಪಿಳ್ಳೆಯೂ ಇಲ್ಲ ಎಂದರ್ಥ. ದೋಣಿ ಬಂತೆಂದು ಸೇತುವೆ ಎತ್ತುವುದು ಆಮೇಲೆಯೇ. ಆ ಹಲಗೆಯಲ್ಲಿ ಎಷ್ಟು ಬಿಲ್ಲೆ ಇವೆ, ಎಣಿಸಿ ತಿಳಿಸು.

ತಮ್ಮ


ಮೇ ೧೬

ತಮ್ಮನಿಗೆ,

ಎಣಿಸಿದೆ. ನಲವತ್ತು. ಸಾಕೇ?

ನಿನ್ನನ್ನು ಯಾರು ಛೂ ಬಿಟ್ಟಿದ್ದಾರೆಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಹೋದ ವಾರದ ಸಭೆಯಲ್ಲಿ ನಿಮ್ಮ ಕಡೆಯ ಪ್ರೊಫೆಸರು ಇದ್ದಕ್ಕಿದ್ದಂತೆ ಬಿಲ್ಲೆಯ ಮಾತೆತ್ತಿದರು. ‘ಸೇತುವೆ ಕಾಯುವವರು ನಿಯಮ ಪಾಲಿಸಿದ್ದರೇ, ಎಣಿಕೆ ಸರಿಯಿತ್ತೇ’ ಎಂದು. ಅಲ್ಲಿ ಅವರು ಕೇಳುವುದು, ಇಲ್ಲಿ ನೀನು ಕೇಳುವುದು. ಅಜ್ಜ ಕಳ್ಳರಲ್ಲದಿದ್ದರೆ ಬೇಜವಾಬ್ದಾರಿಯವರು ಎಂದಾದರೂ ಬರೆಸಬೇಕು, ಅಲ್ಲವೇ? ನಿನ್ನ ರಕ್ತವೂ ಅದೇ ಕಣೋ. ಸ್ವಲ್ಪ ನಾಚಿಕೆಯಿರಲಿ.

ಮುಂದಿನ ಕಾಗದದಲ್ಲಿ ಮಂಡಿನೋವು ಮತ್ತು ಹವೆಯ ಬಗ್ಗೆ ಬರೆ. ನಮ್ಮ ತಾಯಂದಿರು ಬುದ್ಧಿವಂತರು.

ಅಕ್ಕ


ಜುಲೈ ೩೦

ಅಕ್ಕನಿಗೆ,

ಎರಡು ತಿಂಗಳು ಬರೆಯಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ ಪುರುಸೊತ್ತು ಇರಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ ಎಂದು ಮಾರ್ಚಿನಲ್ಲಿ ಬರೆದದ್ದು ಸುಳ್ಳು. ಫೆಬ್ರವರಿಯಲ್ಲೇ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಈಗ ಹೃದಯವೂ ಸರಿಯಿಲ್ಲ. ಡಾಕ್ಟರು ‘ನೋಡೋಣ’ ಎನ್ನುತ್ತಾರೆ. ಏನನ್ನು ನೋಡುವುದೋ ಹೇಳುವುದಿಲ್ಲ.

ಹಲಗೆಯಲ್ಲಿ ನಲವತ್ತು ಬಿಲ್ಲೆಗಳಿವೆ ಎಂದು ಬರೆದೆ. ಅದರಲ್ಲಿ ಒಂದು ಸುಳ್ಳು. ಹದಿನೇಳನೆಯದು ಈಗ ನನ್ನ ಮೇಜಿನ ಮೇಲಿದೆ, ಈ ಕಾಗದ ಹಾರದಂತೆ ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಂಚಿನಲ್ಲಿ ಒಂದು ಕಡೆ ನಗ್ಗಿದೆ.

ಆ ದಿನ ಅಮ್ಮನಿಗೆ ಒಂಬತ್ತು ವರ್ಷ. ಹೊಲಿಯಲು ಕೊಟ್ಟ ಫ್ರಾಕು ತರಲು ಬೆಳಿಗ್ಗೆ ಈಚೆ ದಡದಲ್ಲಿದ್ದ ಅತ್ತೆಯ ಮನೆಗೆ, ಎಂದರೆ ಅಜ್ಜನ ತಂಗಿಯ ಮನೆಗೆ, ಹೊರಟಳು. ಸಂಜೆ ಆರಕ್ಕೆ ಸೇತುವೆ ಎತ್ತುತ್ತಾರೆಂದು ಅವಳಿಗೂ ಗೊತ್ತಿತ್ತು. ಅಪ್ಪ ಕೈಗೆ ಕೊಟ್ಟ ಬಿಲ್ಲೆಯನ್ನು ಈಚೆ ತುದಿಯ ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡಳು. ಅಲ್ಲಿದ್ದವನು ಸೇತುವೆಯವರ ಮಗಳಲ್ಲವೇ ಎಂದು ಸುಮ್ಮನಾದ. ಆ ದಿನ ದೋಣಿ ಓಡಾಟ ನಿಂತಿದ್ದರಿಂದ ಸಂಜೆಯವರೆಗೆ ಯಾರೂ ಎಣಿಸಲೂ ಇಲ್ಲ. ಅತ್ತೆ ನಾಲ್ಕು ಗಂಟೆಯಿಂದ ‘ಹೊರಡೇ, ಹೊರಡೇ’ ಎಂದು ಬಡಕೊಂಡರಂತೆ. ಇವಳು ಹೊಸ ಫ್ರಾಕು ಹಾಕಿಕೊಂಡು ಕನ್ನಡಿ ಮುಂದೆ ತಿರುಗುತ್ತಿದ್ದಳು. ಅವಳ ಮಾತಿನಲ್ಲೇ ಹೇಳುತ್ತೇನೆ: ‘ಬಿಲ್ಲೆ ನನ್ನ ಹತ್ರ ಇದೆ. ನಲವತ್ತು ಆಗದೆ ನಮ್ಮಪ್ಪ ಎತ್ತಲ್ಲ. ಇನ್ನು ಸೇತುವೆ ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ.’

ಏಳು ಗಂಟೆಗೆ ನದಿ ಹತ್ತಿರ ಬಂದಾಗ ಸೇತುವೆ ಮೇಲೆ ಎದ್ದು ನಿಂತಿತ್ತಂತೆ.

ಅಕ್ಕಾ, ಅಮ್ಮನಿಗೆ ಆ ಪಾಠದ ಸಿಟ್ಟಿಲ್ಲ. ಅವಳು ಅದನ್ನು ನಂಬಿದ್ದಾಳೆ. ಅಪ್ಪ ನಲವತ್ತು ನಿಮಿಷ ಪೆಟ್ಟಿಗೆಗಳಿಗೆ ಕಾದರು, ಪೆಟ್ಟಿಗೆ ಬಂದ ಮೇಲೆ ಮೂವತ್ತೊಂಬತ್ತು ಬಿಲ್ಲೆಗೇ ಸೇತುವೆ ಎತ್ತಿದರು, ನನಗಾಗಿ ಕಾಯಲಿಲ್ಲ ಎಂದು. ಅರವತ್ತೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದಾಳೆ. ಹೋದ ವಾರ ಕೇಳಿದಳು: ‘ಹೊಸ ಪಾಠದಲ್ಲಿ ಏನು ಕಾರಣ ಬರೀತಾರೋ?’ ನನಗೆ ಗೊತ್ತಿಲ್ಲ ಎಂದೆ.

ಪ್ರೊಫೆಸರನ್ನು ನಾನು ಕಂಡೂ ಇಲ್ಲ. ನನ್ನನ್ನು ಛೂ ಬಿಟ್ಟವಳು ಹಾಸಿಗೆ ಹಿಡಿದಿದ್ದಾಳೆ. ನಿನ್ನ ಹತ್ತಿರ ಏನಾದರೂ ಇದ್ದರೆ ಈಗಲಾದರೂ ಹೇಳು.

ತಮ್ಮ


ಆಗಸ್ಟ್ ೧೯

ತಮ್ಮನಿಗೆ,

ಮೇ ತಿಂಗಳ ಕಾಗದ ಹರಿದುಹಾಕು. ನನಗೆ ಅದನ್ನು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ನಲವತ್ತು ಇವೆ ಎಂದದ್ದು ಲೆಕ್ಕಕ್ಕೆ ನಿಜ. ಹದಿನೇಳು ಮಾತ್ರ ಉಳಿದವುಗಳಿಗಿಂತ ಹೊಳೆಯುತ್ತಿತ್ತು. ಅಲ್ಲಿಯ ಮೇಲ್ವಿಚಾರಕರನ್ನು ಕೇಳಿದೆ. ‘ಒಂದು ಕೊಕ್ಕೆ ಖಾಲಿ ಇತ್ತು ಮೇಡಂ, ನೋಡೋಕೆ ಚೆನ್ನಾಗಿರಲ್ಲ ಅಂತ ಒಂದು ಮಾಡಿಸಿ ಹಾಕಿದ್ವಿ’ ಎಂದರು. ಅದನ್ನು ನಿನಗೆ ಬರೆಯಲಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಅಜ್ಜನ ದಿನಚರಿ ಪುಸ್ತಕಗಳು ಇವೆ. ಹನ್ನೆರಡು. ಅಮ್ಮ ಸಾಯುವ ಮುಂಚೆ ನನ್ನ ಕೈಗಿಟ್ಟು ‘ಯಾರಿಗೂ ತೋರಿಸ್ಬೇಡ, ಈ ಮನೆ ಹೋಗುತ್ತೆ’ ಎಂದಿದ್ದಳು. ನೀನು ಕಿಟಕಿಯಿಂದ ನೋಡುವ ಈ ಟೆರೇಸು, ಈ ಮನೆ, ವೀರನ ಕುಟುಂಬಕ್ಕೆಂದು ಸರ್ಕಾರ ಕೊಟ್ಟದ್ದು. ನನ್ನ ಮೇಷ್ಟರಿಕೆಯೂ, ಸಮಿತಿಯ ಕುರ್ಚಿಯೂ ಅದೇ ಲೆಕ್ಕದಲ್ಲಿ ಬಂದದ್ದು. ಆ ದಿನದ ಬರಹ ಓದು, ಯಾಕೆ ಬಚ್ಚಿಟ್ಟೆವೆಂದು ತಿಳಿಯುತ್ತದೆ:

‘೬-೦೦. ಬಿಲ್ಲೆ ೩೯. ೧೭ ಬಾಕಿ. ಎತ್ತಲಿಲ್ಲ. ೬-೧೫. ೧೭ ಬಾಕಿ. ಎತ್ತಲಿಲ್ಲ. ಜನ, ಗಾಡಿ ಬಿಲ್ಲೆಯಿಲ್ಲದೆ ನುಗ್ಗುತ್ತಿದ್ದಾರೆ, ತಡೆಯುವುದು ನನ್ನ ಕೆಲಸವಲ್ಲ. ೬-೩೦. ೧೭ ಬಾಕಿ. ೬-೪೦. ಸಿಪಾಯಿಗಳು ನನ್ನನ್ನು ಹಿಡಿದುಕೊಂಡು ರಾಟೆ ತಾವೇ ತಿರುಗಿಸಿದರು.’

ನಮ್ಮ ಜನ ಎಂಬ ಮಾತೇ ಇಲ್ಲ. ದೇಶದ ಮಾತಿಲ್ಲ. ನಿಮ್ಮ ಪೆಟ್ಟಿಗೆಗಳೂ ಇಲ್ಲ. ಒಂದು ತಗಡಿನ ಚೂರಿಗಾಗಿ ನಿಂತ ಗುಮಾಸ್ತನಿಗೆ ಯಾರು ಪ್ರತಿಮೆ ನಿಲ್ಲಿಸುತ್ತಾರೆ? ನಾನೂ ಹಾಗೆಯೇ ಓದಿಕೊಂಡಿದ್ದೆ. ನಿಯಮದ ಹುಚ್ಚು ಎಂದು ಒಳಗೊಳಗೇ ನಕ್ಕೂ ಇದ್ದೆ.

ನಿನ್ನ ಕಾಗದ ಬಂದ ಮೇಲೆ ಹಿಂದಿನ ಪುಟಗಳನ್ನು ಹುಡುಕಿದೆ. ಅದಕ್ಕೆ ನಾಲ್ಕು ತಿಂಗಳ ಮೊದಲು ಹೀಗಿದೆ: ‘೧೭ ಮತ್ತೆ ಚಿಕ್ಕವಳ ಜೇಬಿನಲ್ಲಿ ಸಿಕ್ಕಿತು. ನಗ್ಗಿರುವುದೇ ಅವಳಿಗೆ ಇಷ್ಟವಂತೆ. ಬೈದೆ. ದೋಣಿ ಇಪ್ಪತ್ತು ನಿಮಿಷ ತಡ.’

ಅವರಿಗೆ ಗೊತ್ತಿತ್ತು ಕಣೋ. ಹದಿನೇಳು ಯಾರ ಹತ್ತಿರ ಇದೆಯೆಂದು ಗೊತ್ತಿದ್ದೇ ನಿಂತಿದ್ದರು.

ಸೇತುವೆ ಎತ್ತಿದ ಮೇಲೂ ಅಜ್ಜ ಹನ್ನೊಂದು ವರ್ಷ ಸೇತುವೆಯ ಪಕ್ಕದ ಅದೇ ಕೊಠಡಿಯಲ್ಲಿ ಕೆಲಸ ಮಾಡಿದರು. ಆ ಹುದ್ದೆಯನ್ನು ರದ್ದು ಮಾಡಲು ಇಲಾಖೆ ಮರೆತಿತ್ತು. ಪ್ರತಿ ದಿನವೂ ಒಂದೇ ಸಾಲು: ‘ಸೇತುವೆ ಮೇಲಿದೆ. ಬಿಲ್ಲೆ ೩೯. ೧೭ ಬಾಕಿ.’ ಕೊನೆಯ ಸಾಲು ಅವರು ಸಾಯುವ ಹಿಂದಿನ ದಿನದ್ದು. ಪುಟಗಳ ನಕಲು ಇದರ ಜೊತೆಗಿದೆ. ಚಿಕ್ಕಮ್ಮನಿಗೆ ಓದಿ ಹೇಳು. ನಾನು ತಡಮಾಡಿದೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ, ಆದರೂ ಕ್ಷಮಿಸು.

ಅಕ್ಕ


ಸೆಪ್ಟೆಂಬರ್ ೧೦

ಅಕ್ಕನಿಗೆ,

ಕಾಗದ ಮೊನ್ನೆ ಕೈಸೇರಿತು. ಯಾರೋ ಒಡೆದು ಓದಿ ಮತ್ತೆ ಅಂಟಿಸಿದ್ದಾರೆ. ಈ ಸಲ ಅಂಟು ಸ್ವಲ್ಪ ನೀಟಾಗಿ ಹಾಕಿದ್ದಾರೆ.

ಅಮ್ಮನಿಗೆ ಓದಿದೆ. ಬೈದ ಸಾಲು ಬಂದಾಗ ‘ಬೈಲಿಲ್ಲ, ಕಿವಿ ಹಿಂಡಿದ್ರು’ ಎಂದು ತಿದ್ದಿದಳು. ಕರಡು ತಿದ್ದುವ ಚಾಳಿ ನನಗೆ ಎಲ್ಲಿಂದ ಬಂತೆಂದು ಗೊತ್ತಾಯಿತು. ಆಮೇಲೆ ಕೇಳಿದಳು:

‘ದಿನಾ ಬರೆದಿದ್ರಾ?’

‘ದಿನಾ.’

‘ಭಾನುವಾರಾನೂ?’

‘ಭಾನುವಾರಾನೂ ಅಮ್ಮ.’

‘ಜ್ವರ ಬಂದಾಗ?’

ನಕಲು ತಿರುವಿದೆ. ಏಳನೇ ವರ್ಷದಲ್ಲಿ ಐದು ದಿನ ಅಕ್ಷರ ಬೇರೆ. ದೊಡ್ಡಮ್ಮ ಬರೆದಿರಬೇಕು. ಹಾಗೆಂದು ಹೇಳಿದೆ. ಆಗ ಅತ್ತಳು. ನಾನು ಹುಟ್ಟಿದ ಮೇಲೆ ಅವಳು ಅತ್ತದ್ದನ್ನು ಕಂಡಿರಲಿಲ್ಲ. ನನ್ನ ಅಪ್ಪ ಹೋದಾಗಲೂ ಬಂದವರಿಗೆ ಕಾಫಿ ಕೊಡುತ್ತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಪಾಪ, ಎಷ್ಟು ವರ್ಷ ಕಾಯಿಸಿಬಿಟ್ಟೆ. ಕೊಟ್ಟು ಕಳಿಸೋ ಅದನ್ನ’ ಎಂದಳು.

ಇದರ ಜೊತೆ ಬಿಲ್ಲೆ ಕಳಿಸುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಒಳಗೇನಿದೆ ಎಂದರು. ಹಳೆಯ ತಗಡು ಎಂದೆ. ಬೆಲೆ ಎಷ್ಟು ಎಂದು ಬರೆಯುವ ಜಾಗದಲ್ಲಿ ಗೆರೆ ಎಳೆದೆ.

ತಲುಪಿದ ದಿನವೇ ಟೆರೇಸಿನಲ್ಲಿ ಆ ಹಳದಿ ಹೊದಿಕೆ ಹಾಕು. ಬೇರೆ ದಿನ ದಯವಿಟ್ಟು ಹಾಕಬೇಡ. ನಿನ್ನ ಉತ್ತರ ಬರುವ ಹತ್ತೊಂಬತ್ತು ದಿನ ಅಮ್ಮನ ಹತ್ತಿರ ಇದೆಯೋ ಇಲ್ಲವೋ ಗೊತ್ತಿಲ್ಲ.

ತಮ್ಮ


ಅಕ್ಟೋಬರ್ ೩

ತಮ್ಮನಿಗೆ,

ಬೆಳಿಗ್ಗೆ ಹತ್ತೂವರೆಗೆ ಅಂಚೆಯವರು ಬಂದರು. ಹೊದಿಕೆ ಒಗೆದದ್ದೇ ಇತ್ತು, ಸುಮ್ಮನೆ ಮತ್ತೆ ನೆನೆಸಿ ಹಾಕಿದೆ. ಒಣಗಿದ ಬಟ್ಟೆ ಒಣಹಾಕಿದರೆ ಪಕ್ಕದ ಮನೆಯವರು ಏನಂದುಕೊಂಡಾರು?

ಹೋದ ವಾರ ದಿನಚರಿಗಳನ್ನು ಸಮಿತಿಯ ಮೇಜಿನ ಮೇಲಿಟ್ಟೆ. ಎಲ್ಲರೂ ಓದಿದರು. ನಮ್ಮ ಕಡೆಯ ಅಧ್ಯಕ್ಷರು ‘ಇದರಿಂದ ಜನರ ಭಾವನೆಗೆ ಪೆಟ್ಟಾಗುತ್ತೆ’ ಎಂದರು. ನಿಮ್ಮ ಪ್ರೊಫೆಸರು ‘ಹಾಗಾದ್ರೆ ಪೆಟ್ಟಿಗೆಗಳ ಪ್ರಶ್ನೆಗೆ ಉತ್ತರ ಏನು’ ಎಂದರು. ವೀರನೂ ಅಲ್ಲದ ಕಳ್ಳನೂ ಅಲ್ಲದ ಅಪ್ಪನೊಬ್ಬನನ್ನು ಇಟ್ಟುಕೊಂಡು ಇಬ್ಬರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಏಳು ಸಭೆಗಳಲ್ಲಿ ಮೊದಲ ಸಲ ಎರಡೂ ಕಡೆಯವರು ಒಂದಾದರು: ಇದು ಪಾಠಕ್ಕೆ ಬೇಡ. ನಾನು ಸಮಿತಿ ಬಿಟ್ಟೆ. ಮನೆಯ ವಿಷಯ ಮುಂದೆ ನೋಡೋಣ. ಭಯವಿಲ್ಲವೆಂದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋಗಿ ಹೊಳೆಯುವ ಹದಿನೇಳನ್ನು ತೆಗೆಸಿ ನಗ್ಗಿದ ಹದಿನೇಳನ್ನು ಕೊಕ್ಕೆಗೆ ಹಾಕಿಸಿದೆ. ಮೇಲ್ವಿಚಾರಕರು ‘ಹೊಸದೇ ಚೆನ್ನಾಗಿತ್ತಲ್ಲ ಮೇಡಂ’ ಎಂದರು. ಮನೆಗೆ ಬಂದು ಹನ್ನೆರಡನೇ ಪುಸ್ತಕ ತೆಗೆದೆ. ಅಜ್ಜನ ಕೊನೆಯ ಸಾಲಿನ ಕೆಳಗೆ ಅರ್ಧ ಪುಟ ಖಾಲಿಯಿದೆ. ಇವತ್ತಿನ ತಾರೀಕು ಹಾಕಿ ಬರೆದೆ: ‘ಬಿಲ್ಲೆ ೪೦. ಬಾಕಿ ಇಲ್ಲ.’

ಅಕ್ಕ


ಅಕ್ಟೋಬರ್ ೩

ಅಕ್ಕನಿಗೆ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಹದಿನೈದು ದಿನದಿಂದ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಪ್ರೆಸ್ಸಿಗೆ ಕರೆತಂದು ಕಿಟಕಿಯ ಹತ್ತಿರ ಕೂರಿಸುತ್ತಿದ್ದೆ. ಯಾರೆಂದು ಫೋರ್‌ಮನ್ ಕೇಳಿದರು. ಅಮ್ಮನೇ, ‘ನಾನು ಆಚೆ ದಡದ ಸೇತುವೆಯವರ ಮಗಳು’ ಎಂದಳು. ಇಡೀ ಮಹಡಿ ತಿರುಗಿ ನೋಡಿತು. ಆಮೇಲೆ ಫೋರ್‌ಮನ್ ಅವಳಿಗೆ ಬೆನ್ನಿಗಿಡಲು ಕಾಗದದ ಒಂದು ಕಟ್ಟು ತಂದುಕೊಟ್ಟರು.

ಅರವತ್ನಾಲ್ಕನೇ ಪುಟ ಇವತ್ತು ಕೊನೆಯದಾಗಿ ಬಂತು. ಕಾರಣ ಎಂಬ ಪದವನ್ನೇ ತೆಗೆದಿದ್ದಾರೆ, ಅಲ್ಲಿ ಹೊಸ ಸೇತುವೆಯ ಚಿತ್ರ ಹಾಕಿದ್ದಾರೆ. ಅಕ್ಷರದ ತಪ್ಪೇನೂ ಇರಲಿಲ್ಲ. ಸಹಿ ಹಾಕಿ ಕಳಿಸಿದೆ.

ಹನ್ನೊಂದು ಗಂಟೆಗೆ ಹಳದಿ ಹೊದಿಕೆ ಕಂಡಿತು. ಅಮ್ಮನ ಕಣ್ಣು ಮಂಜು, ಅವಳಿಗೆ ಕಾಣಲಿಕ್ಕಿಲ್ಲವೆಂದು ‘ಅಮ್ಮ, ಹಾಕಿದಾಳೆ ನೋಡು’ ಎಂದೆ. ‘ಕಾಣ್ತಿದೆ ಬಿಡೋ, ಹಳದಿ’ ಎಂದಳು. ಅದು ಗಾಳಿಗೆ ಅಲ್ಲಾಡುವುದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಕೈ ಬಿಚ್ಚಿ, ಅಂಗೈ ಖಾಲಿಯಿದೆಯೇ ಎಂದು ನೋಡಿಕೊಂಡಳು.

‘ನಲವತ್ತೂ ಆಯ್ತಲ್ಲ,’ ಎಂದಳು. ‘ಇನ್ನು ಎತ್ತಬಹುದು ಅಂತ ಅಪ್ಪಂಗೆ ಹೇಳು.’

ಅವರಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ತಮ್ಮ